ಹೆಪ್ಪು ತೆಗೆಯಲು ಸ್ಟೆಂಟ್ ರಿಟ್ರೀವರ್ ಮೇಲೋ, ಆಸ್ಪಿರೇಷನ್ ಮೇಲೋ?

ಪ್ರಶ್ನೆ: ಮೆದುಳಿನ ದೊಡ್ಡ ರಕ್ತನಾಳ ಕಟ್ಟಿಕೊಂಡು ಪಾರ್ಶ್ವವಾಯು ಆದಾಗ, ರಕ್ತದ ಹೆಪ್ಪನ್ನು ಸ್ಟೆಂಟ್ ರಿಟ್ರೀವರ್ ಎಂಬ ಪುಟ್ಟ ಜಾಲರಿಯಿಂದ ಎಳೆದು ತೆಗೆಯುವುದು, ಕ್ಯಾತಿಟರ್ ಎಂಬ ತೆಳು ಕೊಳವೆಯಿಂದ ಹೀರಿ ತೆಗೆಯುವುದು (ಆಸ್ಪಿರೇಷನ್), ಇವೆರಡರಲ್ಲಿ ಮೊದಲು ಯಾವುದನ್ನು ಪ್ರಯತ್ನಿಸುವುದು ಉತ್ತಮ ಎಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ರಿಟ್ರೀವರ್‌ನ ಜಾಲರಿಯನ್ನು ಹೆಪ್ಪಿನೊಳಗೆ ಬಿಚ್ಚಿ, ಹೆಪ್ಪು ಅದರಲ್ಲಿ ಸಿಕ್ಕಿಕೊಳ್ಳಲು ಕೆಲವು ನಿಮಿಷ ಬಿಟ್ಟು, ಬಳಿಕ ನಿಧಾನವಾಗಿ ಹಿಂದಕ್ಕೆ ಎಳೆಯುತ್ತಾರೆ, ಆಸ್ಪಿರೇಷನ್‌ನಲ್ಲಿ ಕ್ಯಾತಿಟರ್‌ನ ತುದಿಯನ್ನು ಹೆಪ್ಪಿಗೆ ತಾಗಿಸಿ ಪಂಪಿನಿಂದ ಹೀರುತ್ತಾರೆ. 2019ರಲ್ಲಿ ಪ್ರಕಟವಾದ ಕಂಪಾಸ್ ಅಧ್ಯಯನದಲ್ಲಿ, 90 ದಿನಗಳ ನಂತರ ಸ್ವಾವಲಂಬಿಗಳಾಗಿದ್ದವರು ಆಸ್ಪಿರೇಷನ್ ಗುಂಪಿನಲ್ಲಿ ಶೇ. 52, ರಿಟ್ರೀವರ್ ಗುಂಪಿನಲ್ಲಿ ಶೇ. 50. ಇದನ್ನು ನಾನು ಸಮಬಲವೆಂದೇ ಪರಿಗಣಿಸುತ್ತೇನೆ.

ಉತ್ತರ 2: ಎರಡನ್ನೂ ಒಟ್ಟಿಗೆ ಬಳಸಿದ ಆಸ್ಟರ್-2 ಅಧ್ಯಯನದಲ್ಲಿಯೂ ರಿಟ್ರೀವರ್ ಒಂದನ್ನೇ ಬಳಸಿದ್ದಕ್ಕಿಂತ ಅಂತಿಮ ಫಲಿತಾಂಶ ಗಮನಾರ್ಹವಾಗಿ ಮೇಲಾಗಲಿಲ್ಲ. ಮೊದಲ ಯತ್ನದಲ್ಲೇ ನಾಳ ಪೂರ್ತಿ ತೆರೆದುಕೊಂಡರೆ ರೋಗಿ ಚೇತರಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಆದ್ದರಿಂದ ವೈದ್ಯರ ಕೈಗೆ ಚೆನ್ನಾಗಿ ಪಳಗಿದ ವಿಧಾನವೇ ಮೊದಲಿರಲಿ.

ಉತ್ತರ 3: ಒಂದು ವಿಧಾನ ಫಲಿಸದಿದ್ದರೆ ತಡಮಾಡದೆ ಇನ್ನೊಂದಕ್ಕೆ ಹೊರಳಬೇಕು.