ಅಪ್ಪನ ಬೆನ್ನಿಗೆ 20%, ಕಿವಿಗೆ 15%, ಆದರೂ ಡಿಸೆಬಿಲಿಟಿ ಪೆನ್ಷನ್ ಇಲ್ಲ ಅಂತಿದ್ದಾರೆ

ಹವಾಲ್ದಾರರ ಮಗ, ಬೆಳಗಾವಿ:
ಅಪ್ಪ ಸೈನ್ಯದ ಆರ್ಟಿಲರಿಯಲ್ಲಿ, ಅಂದ್ರೆ ಫಿರಂಗಿ ದಳದಲ್ಲಿದ್ದರು. 2021ರಲ್ಲಿ ಪೂರ್ತಿ ಸರ್ವಿಸ್ ಮುಗಿಸಿ ಬಂದರು. ಸೊಂಟದ ಡಿಸ್ಕ್ ಜಾರಿದೆ, ಎರಡೂ ಕಿವಿ ಮಂದ. ಮದುವೆ ಊಟಕ್ಕೆ ಪಂಕ್ತಿಯಲ್ಲಿ ಕೂತರೆ ಏಳಿಸಲು ಇಬ್ಬರು ಬೇಕು, ಪಕ್ಕದವರು ಏನಾದರೂ ಕೇಳಿದರೆ ಸುಮ್ನೆ ತಲೆ ಆಡಿಸುತ್ತಾರೆ. ನಿವೃತ್ತಿ ವೇಳೆ ಪರೀಕ್ಷಿಸುವ ರಿಲೀಸ್ ಮೆಡಿಕಲ್ ಬೋರ್ಡ್ ಒಟ್ಟು 30% ಅಂಗವೈಕಲ್ಯ ಅಂತ ಬರೆದಿದೆ. ಆದರೆ ಸೇವೆಯಿಂದ ಬಂದದ್ದು ಕಿವಿಯದು ಮಾತ್ರ, ಬೆನ್ನಿಗೂ ಸೇವೆಗೂ ಸಂಬಂಧವಿಲ್ಲ ಅಂತ ಹೇಳಿ ಕ್ಲೇಮ್ ತಿರಸ್ಕರಿಸಿದ್ದಾರೆ. 20ಕ್ಕೆ 15 ಕೂಡಿದರೆ 35 ಅಲ್ವಾ? ಪರ್ಸೆಂಟೇಜ್ ಜಾಸ್ತಿ ಮಾಡಿಸಲು ಇನ್ನೊಂದು ಬೋರ್ಡ್ ಕೇಳಬೇಕಾ?

ನಿವೃತ್ತ ಸುಬೇದಾರ್, ಕೊಡಗು:
ಪರ್ಸೆಂಟೇಜ್ ಹಿಂದೆ ಬೀಳಬೇಡಿ. ಎರಡು ತೊಂದರೆ ಇದ್ದರೆ ಬೋರ್ಡ್ ನೇರವಾಗಿ ಕೂಡುವುದಿಲ್ಲ, ಹಾಗಾಗಿ 30. ಪೆಟ್ಟು ಬಿದ್ದಿರುವುದು 'ಸಂಬಂಧವಿಲ್ಲ' ಅನ್ನುವ ಸಾಲಿನಿಂದ. ಅದರಿಂದ ಲೆಕ್ಕಕ್ಕೆ ಉಳಿದದ್ದು ಕಿವಿಯ 15 ಮಾತ್ರ, ಪೆನ್ಷನ್‌ಗೆ ಕನಿಷ್ಠ 20 ಬೇಕು. ಬೆನ್ನು ನೋವು ಸೇವೆಯಿಂದ ಬಂತು ಅಥವಾ ಸೇವೆಯಿಂದ ಹೆಚ್ಚಾಯಿತು ಅಂತ ಒಪ್ಪಿಸಿದರೆ ಸಾಕು, 20 ಇರಲಿ 30 ಇರಲಿ, ಬ್ರಾಡ್ ಬ್ಯಾಂಡಿಂಗ್‌ನಲ್ಲಿ, ಅಂದ್ರೆ ಪರ್ಸೆಂಟೇಜನ್ನು ಮೇಲಿನ ಹಂತಕ್ಕೆ ಏರಿಸುವ ನಿಯಮದಲ್ಲಿ, 50% ಆಗುತ್ತದೆ. ಪೂರ್ತಿ ಸರ್ವಿಸ್ ಮಾಡಿದವರಿಗೂ ಇದು ಸಿಗಬೇಕು ಅಂತ ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. 100%ಗೆ ಕೊನೆಯ ಸಂಬಳದ ಶೇ 30 ಸಿಗುತ್ತದೆ. ಸಂಬಳ 40,000 ಅಂದುಕೊಂಡರೆ 50%ಗೆ ತಿಂಗಳಿಗೆ 6,000, ಮೇಲೆ ಡಿಆರ್ (ತುಟ್ಟಿ ಪರಿಹಾರ). 155 ಎಂಎಂ ಶೆಲ್ ಒಂದೊಂದೂ 40 ಕಿಲೋ ದಾಟುತ್ತದೆ ಸ್ವಾಮಿ, ಅದನ್ನು ವರ್ಷಗಟ್ಟಲೆ ಎತ್ತಿದ ಬೆನ್ನಿಗೂ ಸೇವೆಗೂ ಸಂಬಂಧವಿಲ್ಲ ಅಂದ್ರೆ ಹೊಟ್ಟೆ ಉರಿಯುತ್ತದೆ.

ವಕೀಲೆ, ಬೆಂಗಳೂರು:
2013ರ ಧರಮ್‌ವೀರ್ ಸಿಂಗ್ ತೀರ್ಪು ಓದಿ. ಸೇರುವಾಗಿನ ದಾಖಲೆಯಲ್ಲಿ ಆ ಕಾಯಿಲೆ ಇಲ್ಲದಿದ್ದರೆ ಅದು ಸೇವೆಯಿಂದ ಬಂತು ಅಂತಲೇ ಭಾವಿಸಬೇಕು, ಅಲ್ಲ ಅನ್ನುವುದಾದರೆ ಬೋರ್ಡ್ ಕಾರಣ ಬರೆಯಬೇಕು. ಹಾಗಂತ ತಾನಾಗಿ ಏನೂ ಸಿಗುವುದಿಲ್ಲ, ಕಾಗದ ಬೇಕು. ಬೋರ್ಡ್ ವರದಿ, ಅಂದ್ರೆ ಎಎಫ್‌ಎಂಎಸ್‌ಎಫ್-16, ಅದರಲ್ಲಿ ಬೆನ್ನಿನ ಬಗ್ಗೆ ಏನು ಕಾರಣ ಕೊಟ್ಟಿದ್ದಾರೆ ನೋಡಿ. ಮೊದಲು ಅಪೀಲ್, ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕದವರಿಗೆ ಕೊಚ್ಚಿ ಪೀಠ. ತಡ ಮಾಡಿದರೆ ಬಾಕಿ ಸಾಮಾನ್ಯವಾಗಿ ಅರ್ಜಿಯ ಹಿಂದಿನ 3 ವರ್ಷದ್ದಷ್ಟೇ ಸಿಗುತ್ತದೆ.

ಆಡಿಯಾಲಜಿಸ್ಟ್, ಮೈಸೂರು:
ಕೇಸು ಮುಗಿಯಲಿ ಅಂತ ಕಿವಿಯನ್ನು ಹಾಗೇ ಬಿಡಬೇಡಿ. ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್‌ನಲ್ಲಿ ಹಿಯರಿಂಗ್ ಏಡ್ ಸಿಗುತ್ತದೆ. ಹೊಸ ಆಡಿಯೋಗ್ರಾಂ (ಕಿವಿ ಎಷ್ಟು ಕೇಳುತ್ತದೆ ಅನ್ನುವ ಪರೀಕ್ಷೆ) ಕೂಡ ಮಾಡಿಸಿ.

ಹವಾಲ್ದಾರರ ಮಗ, ಬೆಳಗಾವಿ:
ವರದಿ ನೋಡಿದೆ. ಕಾರಣದ ಜಾಗದಲ್ಲಿ ಏನೂ ಬರೆದಿಲ್ಲ. ಶೆಲ್ ಎತ್ತುವಾಗ ಬೆನ್ನು ಹಿಡಿದು ಮಿಲಿಟರಿ ಆಸ್ಪತ್ರೆಗೆ ಸೇರಿದ್ದ ಡಿಸ್ಚಾರ್ಜ್ ಚೀಟಿ ಟ್ರಂಕಿನಲ್ಲಿ ಸಿಕ್ಕಿದೆ. ಅದನ್ನೂ ಹಾಕಲಾ?

ವಕೀಲೆ, ಬೆಂಗಳೂರು:
ಅದೇ ಮುಖ್ಯ ಕಾಗದ. ಜೆರಾಕ್ಸ್ ಹಾಕಿ, ಮೂಲ ಪ್ರತಿ ನಿಮ್ಮ ಹತ್ತಿರವೇ ಇರಲಿ.