ಶಹಾಬಾದಿ ಕಲ್ಲಿನ ಮೇಲೆ ಗಿಡದಂಥ ಗುರುತು: ಇದು ಪಳೆಯುಳಿಕೆಯೇ?

ಪ್ರಶ್ನೆ (ಪ್ರೌಢಶಾಲಾ ಶಿಕ್ಷಕ, ಸೇಡಂ ತಾಲ್ಲೂಕು):
ಎಲ್ಲರಿಗೂ ನಮಸ್ಕಾರ. ಕಳೆದ ವಾರ ಒಂಬತ್ತನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು, ಕಾಗಿಣಾ ನದಿಯ ಸಮೀಪ ಕೆಲಸ ನಿಂತಿರುವ ಒಂದು ಕಲ್ಲುಗಣಿಗೆ ಮಾಲೀಕರ ಅನುಮತಿ ಪಡೆದು ಹೋಗಿದ್ದೆ. ಪದರ ಬಿಚ್ಚಿಕೊಂಡಿದ್ದ ಒಂದು ಪರಸಿ ಕಲ್ಲಿನ ಮೇಲೆ, ಜರೀಗಿಡದ ಎಲೆಯನ್ನು ಒತ್ತಿ ತೆಗೆದಂತೆ, ಅಂಗೈ ಅಗಲದ ಕಪ್ಪು ಗುರುತು ಕವಲು ಕವಲಾಗಿ ಹರಡಿತ್ತು. ಮಕ್ಕಳ ಉತ್ಸಾಹ ಕಂಡು ನಾನೂ ಅದನ್ನು ಸಸ್ಯದ ಪಳೆಯುಳಿಕೆ ಎಂದು ಹೇಳಿಬಿಟ್ಟೆ. ಈಗ ಸಂದೇಹ ಕಾಡುತ್ತಿದೆ. ಶಾಲೆಯಲ್ಲಿ ಹೆಸರು ಬರೆದಿಡುವ ಮೊದಲು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ಮೇಷ್ಟ್ರೇ, ನೀವು ವರ್ಣಿಸಿರುವುದು ಬಹುಮಟ್ಟಿಗೆ ಡೆಂಡ್ರೈಟ್. ಅದು ಖನಿಜವೇ ಹೊರತು ಸಸ್ಯವಲ್ಲ. ಕಲ್ಲಿನ ಸೀಳಿನಲ್ಲಿ ಜಿನುಗುವ ನೀರು ತನ್ನೊಡನೆ ತಂದ ಮ್ಯಾಂಗನೀಸನ್ನು ಎರಡು ಪದರಗಳ ನಡುವಿನ ಕಿರಿದಾದ ಸಂದಿಯಲ್ಲಿ ಆಕ್ಸೈಡಾಗಿ ಬಿಟ್ಟುಹೋಗುತ್ತದೆ, ಆ ಲೇಪ ಅಂಚಿನಿಂದ ಒಳಕ್ಕೆ ಕವಲೊಡೆಯುತ್ತ ಬೆಳೆಯುತ್ತದೆ. ಶಹಾಬಾದಿ ಕಲ್ಲು ಭೀಮಾ ಶಿಲಾಸಮೂಹದ ಸುಣ್ಣಕಲ್ಲು, ಕೇಂಬ್ರಿಯನ್ ಯುಗಕ್ಕೂ ಹಿಂದಿನದು, ಅಂದರೆ 54 ಕೋಟಿ ವರ್ಷಗಳಿಗಿಂತ ಹಳೆಯದು. ನೆಲದ ಮೇಲೆ ಸಸ್ಯಗಳು ಕಾಣಿಸಿಕೊಂಡದ್ದು ಸುಮಾರು 47 ಕೋಟಿ ವರ್ಷಗಳ ಹಿಂದೆ, ಜರೀಗಿಡಗಳು ಅದಕ್ಕೂ ಬಹಳ ತಡವಾಗಿ. ಆದ್ದರಿಂದ ಈ ಕಲ್ಲು ಕೆಸರಾಗಿ ಶೇಖರವಾಗುತ್ತಿದ್ದಾಗ ಅದರೊಳಗೆ ಬೀಳಲು ಎಲೆಯೇ ಇರಲಿಲ್ಲ.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಹಿಡಿದು ನೋಡಿ. ಎಲೆಯಾಗಿದ್ದರೆ ನಡುನರವೂ ಅದರಿಂದ ಕ್ರಮವಾಗಿ ಹೊರಟ ಕಿರುನರಗಳೂ ಕಾಣಬೇಕು. ಡೆಂಡ್ರೈಟಿನಲ್ಲಿ ಕವಲುಗಳು ಅಳತೆಯಿಲ್ಲದೆ ಒಡೆಯುತ್ತವೆ, ಸಾಮಾನ್ಯವಾಗಿ ಒಂದು ಬಿರುಕಿನ ಗೆರೆಯಿಂದಲೇ ಹೊರಡುತ್ತವೆ. ಇನ್ನೊಂದು ಪರೀಕ್ಷೆಯಿದೆ: ಗಾಯ ತೊಳೆಯಲು ಔಷಧದಂಗಡಿಯಲ್ಲಿ ಸಿಗುವ ಹೈಡ್ರೋಜನ್ ಪೆರಾಕ್ಸೈಡಿನ ಒಂದು ಹನಿಯನ್ನು ಗುರುತಿನ ಅಂಚಿಗೆ ಬಿಟ್ಟರೆ, ಮ್ಯಾಂಗನೀಸ್ ಆಕ್ಸೈಡ್ ಇದ್ದಲ್ಲಿ ನೊರೆ ಏಳುತ್ತದೆ. ಆಮ್ಲವನ್ನು ಮಾತ್ರ ಹಾಕಬೇಡಿ, ಸುಣ್ಣಕಲ್ಲೇ ಕರಗಿ ಗುರುತು ಹಾಳಾಗುತ್ತದೆ.

ಉತ್ತರ 2:
ಮೇಲಿನ ವಿವರಣೆ ಸರಿಯಾಗಿದೆ, ಆದರೆ ಆ ಕಲ್ಲನ್ನು ದಯವಿಟ್ಟು ಎಸೆಯಬೇಡಿ. ಪಳೆಯುಳಿಕೆಯಂತೆ ತೋರಿ ಪಳೆಯುಳಿಕೆಯಲ್ಲದ್ದನ್ನು ಕೈಯಲ್ಲಿ ಹಿಡಿದು ನೋಡಿದ ಮಗು, ಮುಂದೆ ನಿಜವಾದದ್ದನ್ನು ಎದುರಿಸಿದಾಗ ಎಚ್ಚರದಿಂದ ನೋಡುತ್ತದೆ.

ನಿಜವಾದದ್ದನ್ನು ತೋರಿಸಬೇಕೆಂದರೆ ಎರಡು ದಾರಿಗಳಿವೆ. ಬಾಗಲಕೋಟೆ ಕಡೆಯ ಕಲಾದಗಿ ಶಿಲಾಸಮೂಹದ ಡಾಲಮೈಟ್ ಪದರಗಳಲ್ಲಿ ಸ್ಟ್ರೊಮ್ಯಾಟೊಲೈಟುಗಳಿವೆ. ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಜೀವಿಗಳ ಲೋಳೆಪದರ ಕೆಸರನ್ನು ಹಿಡಿದಿಟ್ಟು ಕಟ್ಟಿದ ರಚನೆಗಳು ಅವು. ಪಕ್ಕದಿಂದ ನೋಡಿದರೆ ಬೋಗುಣಿಗಳನ್ನು ಕವುಚಿ ಒಂದರ ಮೇಲೊಂದು ಪೇರಿಸಿದಂತೆಯೂ, ಅಡ್ಡ ಕೊಯ್ದ ಮೈಯಲ್ಲಿ ಈರುಳ್ಳಿಯ ಬಿಲ್ಲೆಯಂತೆಯೂ ಕಾಣುತ್ತವೆ. ಉಬ್ಬಿದ ಭಾಗ ಯಾವ ಕಡೆಗಿದೆಯೋ ಅದೇ ಆ ಪದರದ ಮೂಲ ಮೇಲ್ಮೈ ಎಂಬುದನ್ನೂ ಮಕ್ಕಳಿಗೆ ತೋರಿಸಬಹುದು.

ನಿಮಗೆ ಹತ್ತಿರದ್ದು ಗುರುಮಠಕಲ್ ಭಾಗ. ಅಲ್ಲಿ ಸುಮಾರು 6.6 ಕೋಟಿ ವರ್ಷಗಳ ಹಿಂದಿನ ದಖ್ಖನ್ ಲಾವಾ ಹರಿವುಗಳ ನಡುವೆ, ಎರಡು ಹರಿವುಗಳ ಬಿಡುವಿನಲ್ಲಿದ್ದ ಸಿಹಿನೀರಿನ ಕೆರೆಗಳ ಕೆಸರು ಉಳಿದಿದೆ. ಅದರಲ್ಲಿ ಆಸ್ಟ್ರಕೋಡ್ ಎಂಬ ಸಣ್ಣ ಚಿಪ್ಪುಜೀವಿಗಳು ಸಿಕ್ಕಿವೆ. ಅವು ಹೆಚ್ಚಾಗಿ ಒಂದು ಮಿಲಿಮೀಟರಿನ ಆಸುಪಾಸಿನವು. ಮೆತ್ತಗಿನ ಮಣ್ಣನ್ನು ನೀರಿನಲ್ಲಿ ನೆನೆಸಿ, ಸೂಕ್ಷ್ಮ ಜರಡಿಯಲ್ಲಿ ತೊಳೆದು, ಒಣಗಿಸಿ ನೋಡಬೇಕು. ಎತ್ತಿದ ಪ್ರತಿಯೊಂದು ಮಾದರಿಯೊಂದಿಗೆ ಸ್ಥಳ, ದಿನಾಂಕ, ಅದು ಸಿಕ್ಕ ಪದರ ಇವನ್ನು ಅಲ್ಲೇ ಬರೆದುಕೊಳ್ಳಿ. ವಿಳಾಸ ಕಳೆದುಕೊಂಡ ಕಲ್ಲಿನಿಂದ ಯಾರಿಗೂ ಹೆಚ್ಚೇನೂ ತಿಳಿಯುವುದಿಲ್ಲ.

ಪ್ರಶ್ನೆ ಕೇಳಿದವರಿಂದ:
ಇಬ್ಬರಿಗೂ ಧನ್ಯವಾದಗಳು. ನೊರೆ ಬಂತು. ಕವಲುಗಳೆಲ್ಲ ಕಲ್ಲಿನ ಒಂದು ಬದಿಯ ಬಿರುಕಿನಿಂದಲೇ ಹೊರಟಿರುವುದೂ ಭೂತಗನ್ನಡಿಯಲ್ಲಿ ಸ್ಪಷ್ಟವಾಗಿ ಕಂಡಿತು. ಸೋಮವಾರ ಮಕ್ಕಳೆದುರು ನನ್ನ ಮಾತನ್ನು ತಿದ್ದಿಕೊಂಡು, ಪೆರಾಕ್ಸೈಡಿನ ಹನಿಯನ್ನು ಅವರ ಕೈಯಿಂದಲೇ ಹಾಕಿಸುತ್ತೇನೆ.