ಅತ್ತೆ ಕಳಿಸಿದ ಫಾರ್ವರ್ಡ್, ಬ್ಯಾಗಿನಲ್ಲೇ ಉಳಿದ ಟಿಕೆಟ್

2024ರ ಜುಲೈ 26ರಂದು ಸಕಲೇಶಪುರ ಘಾಟಿಯಲ್ಲಿ, ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಭೂಕುಸಿತವಾಯಿತು. ಬೆಂಗಳೂರಿನಿಂದ ಕರಾವಳಿಗೆ ಹೋಗುವ ರೈಲುಗಳು ಒಂದರ ಹಿಂದೆ ಒಂದು ರದ್ದಾದವು. ಮರುದಿನ ಶನಿವಾರ ರಾತ್ರಿ ನಮ್ಮ ಅತ್ತೆಯ ಮಗಳು ಕುಂದಾಪುರಕ್ಕೆ ಹೊರಡಬೇಕಿತ್ತು. ಸೋಮವಾರ ಅಜ್ಜಿಯ ತಿಥಿ. ಸರ್ಕಾರಿ ಬಸ್ಸಿನಲ್ಲಿ ಸೀಟಿಲ್ಲ. ಒಂದು ಖಾಸಗಿ ಬಸ್ಸಿನವರು 2,600 ರೂಪಾಯಿ ಕೇಳಿದರು. ಬೇರೆ ದಾರಿ ಇಲ್ಲದೆ ಕೊಟ್ಟು ಬಂದಳು.

ಭಾನುವಾರ ಮಧ್ಯಾಹ್ನ ಮನೆಯ ವಾಟ್ಸಾಪ್ ಗುಂಪಿಗೆ ಅತ್ತೆಯ ಫಾರ್ವರ್ಡ್ ಬಂತು.

“ತುರ್ತು ಮಾಹಿತಿ! ರೈಲು ರದ್ದಾದರೆ ಟಿಕೆಟ್ ಹಣ ಮಾತ್ರವಲ್ಲ, ನೀವು ಬಸ್ಸಿಗೆ, ಟ್ಯಾಕ್ಸಿಗೆ ಕೊಟ್ಟ ಹಣವನ್ನೂ ರೈಲ್ವೆ ಕೊಡಲೇಬೇಕು. ಸುಪ್ರೀಂ ಕೋರ್ಟ್ ಆದೇಶ. 139ಕ್ಕೆ ಫೋನ್ ಮಾಡಿ. ಎಲ್ಲರಿಗೂ ಕಳಿಸಿ.”

ಮೈಸೂರು ಭಾವ: ಯಾವ ಪ್ರಕರಣ? ಯಾವ ವರ್ಷ? ಆದೇಶದ ಪ್ರತಿ ಇದೆಯಾ?

ಅತ್ತೆ: ನನಗೇನು ಗೊತ್ತು ಮಾರಾಯ್ರೆ. ಭಜನಾ ಮಂಡಳಿ ಗುಂಪಿನಲ್ಲಿ ಬಂತು. ಒಳ್ಳೆ ವಿಷಯ ಅಂತ ಹಾಕಿದೆ.

ಮೈಸೂರು ಭಾವ: ಬೆಳ್ಳುಳ್ಳಿ ನೀರು ಕುಡಿದರೆ ಸಕ್ಕರೆ ಕಾಯಿಲೆ ಹೋಗುತ್ತದೆ ಅಂತ ಬಂದದ್ದೂ ಅಲ್ಲಿಂದಲೇ ಅಲ್ವಾ?

ಭಾವ ಬ್ಯಾಂಕಿನಲ್ಲಿದ್ದವರು. ಕಾಗದ ನೋಡದೆ ಏನನ್ನೂ ನಂಬುವುದಿಲ್ಲ. ಅವರು ಕೇಳಿದ್ದು ಸರಿಯಾದ ಪ್ರಶ್ನೆಯೇ. ಆದರೆ ಬೆಳ್ಳುಳ್ಳಿ ನೀರನ್ನು ಎಳೆದು ತಂದ ಮೇಲೆ ಅತ್ತೆ ಉತ್ತರ ಹುಡುಕುವುದು ಬಿಟ್ಟು ಮರ್ಯಾದೆ ಉಳಿಸಿಕೊಳ್ಳಲು ನಿಂತರು.

ಅತ್ತೆ: ರಾತ್ರಿ ಹೊತ್ತು ಬಸ್ ಸ್ಟ್ಯಾಂಡಿನಲ್ಲಿ ಒಬ್ಬಳೇ ನಿಂತದ್ದು ನನ್ನ ಮಗಳು. ನಿಮಗೆ ಮೈಸೂರಲ್ಲಿ ಕೂತು ತಮಾಷೆ.

ದೊಡ್ಡಪ್ಪ: ಎಲ್ಲರಿಗೂ ನಮಸ್ಕಾರ. ಆ ಮಳೆಯಲ್ಲಿ ಕೆಲಸಗಾರರು ಪ್ರಾಣ ಪಣಕ್ಕಿಟ್ಟು ಹಳಿ ಸರಿ ಮಾಡುತ್ತಿದ್ದಾರೆ. ನಾವು ಬಸ್ ಚಾರ್ಜಿನ ಲೆಕ್ಕ ಹಾಕುತ್ತಿದ್ದೇವೆ. ಗುಡ್ಡ ಕುಸಿದರೆ ಯಾರನ್ನು ಕೇಳುವುದು? ತಂಗಿ, ಮಗಳು ಕ್ಷೇಮವಾಗಿ ಬಂದಳಲ್ಲ, ಅಷ್ಟು ಸಾಕು.

ಕೂಡಲೇ ಏಳೆಂಟು ಕೈಮುಗಿದ ಚಿತ್ರಗಳು ಬಿದ್ದವು. ದೊಡ್ಡಪ್ಪನಿಗೆ ಎದುರು ಮಾತಾಡಿ ಯಾರಿಗೂ ಅಭ್ಯಾಸವಿಲ್ಲ. ಕೆಲಸಗಾರರ ಬಗ್ಗೆ ಅವರು ಹೇಳಿದ್ದು ನಿಜ. ಆದರೆ ನಮಗೆ ಬರಬೇಕಾದ ದುಡ್ಡು ಕೇಳಿದರೆ ಆ ಕೆಲಸಗಾರರಿಗೆ ಯಾವ ಅವಮಾನವೂ ಆಗುವುದಿಲ್ಲ. ಇದನ್ನು ಅಲ್ಲೇ ಹೇಳಬೇಕಿತ್ತು ಅನ್ನಿಸಿತು. ಅಷ್ಟರಲ್ಲಿ ಪುತ್ತೂರು ಅಣ್ಣ ಬಂದ.

ಪುತ್ತೂರು ಅಣ್ಣ: ಎಡಕುಮೇರಿ! ಹಳಿ ಮೇಲೆ ನಡೆದು ಹೋಗಿದ್ದೆವಲ್ಲ, ನೆನಪಿದೆಯಾ? 57 ಸುರಂಗ, ಲೆಕ್ಕವಿಲ್ಲದಷ್ಟು ಸೇತುವೆ. ಟಾರ್ಚಿನ ಸೆಲ್ ಮುಗಿದು ಸುರಂಗದೊಳಗೆ ಮಾವನ ಕೈ ಹಿಡಿದುಕೊಂಡು ನಡೆದದ್ದು!

ಮೈಸೂರು ಭಾವ: ಅದು ರೈಲ್ವೆ ಕಾನೂನಿನ ಪ್ರಕಾರ ಅಪರಾಧ.

ಪುತ್ತೂರು ಅಣ್ಣ: ಅದಕ್ಕೂ ಮೊದಲು ಮೀಟರ್ ಗೇಜ್ ಇತ್ತು. 1979ರಲ್ಲಿ ಶುರುವಾದದ್ದು. ಅಜ್ಜಿ ಹಲಸಿನ ಹಣ್ಣಿನ ಗೋಣಿ ಇಟ್ಟುಕೊಂಡು ಹಾಸನಕ್ಕೆ ಹೋಗುತ್ತಿದ್ದರು. ಬ್ರಾಡ್ ಗೇಜ್ ಮಾಡಲು ಲೈನ್ ಮುಚ್ಚಿದರು ನೋಡಿ, ಮತ್ತೆ ಪ್ಯಾಸೆಂಜರ್ ರೈಲು ಬಂದದ್ದು 2007ರಲ್ಲಿ. ಅಷ್ಟು ವರ್ಷ ಬಸ್ಸಿನಲ್ಲೇ ವಾಂತಿ ಮಾಡಿಕೊಂಡು ಓಡಾಡಿದ್ದೇವೆ. ಯಾರು ದುಡ್ಡು ಕೊಟ್ಟರು?

ಅಜ್ಜಿಯ ಹೆಸರು ಬಂದ ಮೇಲೆ ಕೇಳಬೇಕೇ? ಗೋಣಿ ಹಲಸಿನದ್ದಾ, ತೆಂಗಿನಕಾಯಿದ್ದಾ ಎಂದು ಚಿಕ್ಕಮ್ಮ ಮತ್ತು ಪುತ್ತೂರು ಅಣ್ಣನ ನಡುವೆ ಚರ್ಚೆ ಶುರುವಾಯಿತು. ಅದರ ಮಧ್ಯೆ ನಾನು ಒಂದು ಸಾಲು ಹಾಕಿದೆ: “ಅತ್ತೆ, ಟಿಕೆಟ್ ಆನ್‌ಲೈನ್‌ನದ್ದಾ, ಕೌಂಟರಿನದ್ದಾ?” ಯಾರೂ ನೋಡಲಿಲ್ಲ.

ಸೋಮವಾರ ತಿಥಿಯ ಊಟ ಮುಗಿದ ಮೇಲೆ ಮತ್ತೆ ಶುರು. ಮುಖಾಮುಖಿ ಕೂತಾಗ ಒಬ್ಬರೂ ಈ ಮಾತೆತ್ತಿರಲಿಲ್ಲ. ತಿಥಿಗೆ ಬಂದಿರದ ಭಾವ ಮೈಸೂರಿನಿಂದ ಬರೆದರು: “ಆದೇಶದ ಪ್ರತಿ ಇನ್ನೂ ಬಂದಿಲ್ಲ.”

ಅತ್ತೆ: ಕಾಗದ ಕೇಳುವವರು ಕೇಳಿ. ನಿಮ್ಮ ಮದುವೆ ದಿಬ್ಬಣದ ವ್ಯಾನ್ ಬಾಡಿಗೆ ನಮ್ಮ ಮನೆಯವರು ಕೊಟ್ಟದ್ದು. ಅದಕ್ಕೆ ನಾವು ರಸೀದಿ ಕೇಳಿದ್ದೇವಾ?

ಅಕ್ಕ: ಅತ್ತೆ, ಆ ವಿಷಯ ಈಗ ಯಾಕೆ?

ಅತ್ತೆ: ಪ್ರಯಾಣದ ಖರ್ಚಿನ ಮಾತು ಬಂತಲ್ಲ, ಅದಕ್ಕೆ.

ಮೈಸೂರು ಭಾವ: ಆ ದುಡ್ಡನ್ನು ನಮ್ಮ ತಂದೆ ಕವರಿನಲ್ಲಿ ಹಾಕಿ ಕೊಟ್ಟಿದ್ದಾರೆ. ಯಾರ ಕೈಗೆ ಕೊಟ್ಟರು ಅಂತಲೂ ನನಗೆ ಗೊತ್ತು.

ದೊಡ್ಡಪ್ಪ: ಹಿರಿಯರ ತಿಥಿಯ ದಿನ ಇಂಥ ಮಾತು ಶೋಭೆಯಲ್ಲ.

ಲಂಡನ್ನಿನಲ್ಲಿರುವ ಚಿಕ್ಕಮ್ಮನ ಮಗ ಆಗಷ್ಟೇ ಎದ್ದು ಫೋನ್ ನೋಡಿರಬೇಕು. “ಇಲ್ಲಿ ಡಿಲೇ ರಿಪೇ ಅಂತ ಇದೆ. ಒಂದು ಗಂಟೆ ತಡವಾದರೆ ಆ ಕಡೆಯ ಟಿಕೆಟ್ ದುಡ್ಡು ಪೂರ್ತಿ ವಾಪಸ್” ಎಂದು ಬರೆದ. ಅತ್ತೆ ತಕ್ಷಣ “ನೋಡಿ, ಸುಳ್ಳಲ್ಲ!” ಎಂದರು. ಅಲ್ಲಿಯ ನಿಯಮ ಇಲ್ಲಿಗೆ ನಡೆಯುವುದಿಲ್ಲ ಎಂದು ಅವನೇ ಹೇಳಿದರೂ ಯಾರಿಗೂ ಕೇಳಿಸಲಿಲ್ಲ. ಅಷ್ಟು ಹೊತ್ತಿಗೆ ಕವರು ಯಾರ ಕೈಗೆ ಹೋಯಿತು ಎಂಬುದೇ ದೊಡ್ಡ ವಿಷಯವಾಗಿತ್ತು.

ನನಗೆ ಸಿಟ್ಟು ಬಂತು. ದುಡ್ಡು ನಿಜವಾಗಿ ಕೈತಪ್ಪಿ ಹೋಗುವುದರಲ್ಲಿತ್ತು. ಆ ರಾತ್ರಿ ಕೂತು ಇಷ್ಟು ಬರೆದೆ:

“ಎಲ್ಲರೂ ಇದೊಂದನ್ನು ಪೂರ್ತಿ ಓದಿ. ಫಾರ್ವರ್ಡ್‌ನಲ್ಲಿ ಅರ್ಧ ಸತ್ಯ ಇದೆ. 2021ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿದೆ. 2016ರಲ್ಲಿ ಒಂದು ಕುಟುಂಬದ ರೈಲು ಜಮ್ಮುವಿಗೆ ಸುಮಾರು ನಾಲ್ಕು ಗಂಟೆ ತಡವಾಗಿ ಹೋಯಿತು. ಶ್ರೀನಗರದ ವಿಮಾನ ತಪ್ಪಿ ಟ್ಯಾಕ್ಸಿಯಲ್ಲಿ ಹೋದರು. ಆ ಟ್ಯಾಕ್ಸಿಗೆ 15,000 ರೂಪಾಯಿಯೂ ಸೇರಿ ಪರಿಹಾರ ಕೊಡಬೇಕು ಎಂದಿದ್ದ ಗ್ರಾಹಕ ವೇದಿಕೆಯ ಆದೇಶವನ್ನು ಕೋರ್ಟ್ ಎತ್ತಿಹಿಡಿಯಿತು. ಯಾಕೆ? ತಡ ಯಾಕಾಯಿತು ಎಂದು ರೈಲ್ವೆ ತೋರಿಸಲಿಲ್ಲ. ತಡೆಯಲಾಗದ ಕಾರಣ ಇತ್ತು ಎಂದು ಸಾಬೀತು ಮಾಡಿದ್ದರೆ ಮಾತು ಬೇರೆ. ನಮ್ಮದು ಗುಡ್ಡ ಕುಸಿದ ಪ್ರಕರಣ. ಹಾಗಾಗಿ ಬಸ್ಸಿನ ದುಡ್ಡನ್ನು ರೈಲ್ವೆಯಿಂದ ವಸೂಲು ಮಾಡುವುದು ಕಷ್ಟ. 139ಕ್ಕೆ ಫೋನ್ ಮಾಡಿದರೆ ಬಸ್ ಚಾರ್ಜ್ ಸಿಗುತ್ತದೆ ಎಂಬುದಂತೂ ಸುಳ್ಳು.

“ಆದರೆ ಟಿಕೆಟ್ ದುಡ್ಡು ನಮ್ಮದು. ರೈಲನ್ನೇ ರದ್ದು ಮಾಡಿದರೆ ಪೂರ್ತಿ ಹಣ ವಾಪಸ್. ಆನ್‌ಲೈನ್ ಟಿಕೆಟ್ ಆದರೆ ತಾನಾಗಿ ಖಾತೆಗೆ ಬರುತ್ತದೆ, ಬುಕ್ಕಿಂಗ್ ಶುಲ್ಕ ಮಾತ್ರ ಬರುವುದಿಲ್ಲ. ಕೌಂಟರಿನ ಟಿಕೆಟ್ ಹಾಗಲ್ಲ. ರೈಲು ಹೊರಡಬೇಕಿದ್ದ ದಿನದಿಂದ ಮೂರು ದಿನದೊಳಗೆ ರಿಸರ್ವೇಶನ್ ಕೌಂಟರಿಗೆ ಹೋಗಿ ಕೊಡಬೇಕು. ಶನಿವಾರದ ರೈಲು. ನಾಳೆ ಮಂಗಳವಾರ. ಅತ್ತೆ, ಟಿಕೆಟ್ ಯಾವುದು?”

ಮೊದಲು ಬಂದ ಉತ್ತರ ಭಾವನದ್ದು: “ತೀರ್ಪಿನ ವಿಷಯ ಸರಿ ಇದೆ. ನೋಡಿದೆ.” ಎರಡನೆಯದು ದೊಡ್ಡಪ್ಪನದ್ದು: “ಉಪಯುಕ್ತ ಮಾಹಿತಿ. ಆದರೂ ಆಸೆ ಒಳ್ಳೆಯದಲ್ಲ.” ಮೂರನೆಯದು ಪುತ್ತೂರು ಅಣ್ಣ ಹಾಕಿದ ಸುರಂಗದ ಫೋಟೋ. ಅತ್ತೆಯಿಂದ ಏನೂ ಬರಲಿಲ್ಲ.

ಮಂಗಳವಾರ ಬೆಳಗ್ಗೆ ಮಾವನ ಸಂದೇಶ ಬಂತು. ಮಾವ ಗುಂಪಿನಲ್ಲಿ ಬರೆಯುವವರೇ ಅಲ್ಲ. “ಕೌಂಟರಿನ ಟಿಕೆಟ್. ನಾನೇ ಕ್ಯೂ ನಿಂತು ಮಾಡಿಸಿದ್ದು. ಮಗಳ ಬ್ಯಾಗಿನಲ್ಲಿ ಸಿಕ್ಕಿತು. ಹೊರಟಿದ್ದೇನೆ.” ಮಧ್ಯಾಹ್ನಕ್ಕೆ ಇನ್ನೊಂದು: “ಪೂರ್ತಿ ಕೊಟ್ಟರು.”

ಇಷ್ಟು ದಿನ ನಾವು ರೈಲ್ವೆಯನ್ನೇ ಹಿಡಿದುಕೊಂಡು ಜಗಳ ಆಡಿದೆವು. ಗುಡ್ಡ ಕುಸಿದದ್ದನ್ನು ನೋಡಿ ದರ ಏರಿಸಿದ್ದು ಬಸ್ಸಿನವರು. ಅವರ ಹೆಸರನ್ನು ಒಬ್ಬರೂ ಎತ್ತಿರಲಿಲ್ಲ. ದೂರು ಕೊಡುವುದಾದರೆ ಅದು ಹೋಗಬೇಕಾದದ್ದು ಸಾರಿಗೆ ಇಲಾಖೆಗೆ. ಗ್ರಾಹಕ ಸಹಾಯವಾಣಿ 1915 ಕೂಡ ಇದೆ. ಜಿಲ್ಲಾ ಗ್ರಾಹಕ ಆಯೋಗಕ್ಕೇ ಹೋಗುವುದಾದರೆ ಎರಡು ವರ್ಷದವರೆಗೆ ಅವಕಾಶ ಇದೆ. ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವೂ ಇಲ್ಲ. ಇದನ್ನೂ ಗುಂಪಿಗೆ ಬರೆದು, ಬಸ್ ಟಿಕೆಟ್ ಇದೆಯಾ ಎಂದು ಕೇಳಿದೆ.

ಈ ಸಲ ಅತ್ತೆಯ ಮಗಳೇ ಉತ್ತರಿಸಿದಳು. ಇಷ್ಟು ಹೊತ್ತು ಎಲ್ಲರೂ ಮಾತಾಡುತ್ತಿದ್ದದ್ದು ಅವಳ ಪ್ರಯಾಣದ ಬಗ್ಗೆ, ಆದರೆ ಅವಳನ್ನು ಯಾರೂ ಏನೂ ಕೇಳಿರಲಿಲ್ಲ.

“ಟಿಕೆಟ್ ಕೊಡಲಿಲ್ಲ ಅಣ್ಣ. ಕ್ಲೀನರ್ ನಂಬರಿಗೆ ಯುಪಿಐ ಮಾಡಿಸಿದರು. ಸ್ಕ್ರೀನ್‌ಶಾಟ್ ಇದೆ. ಬಸ್ಸಿನ ನಂಬರ್ ಪ್ಲೇಟಿನ ಫೋಟೋ ಕೂಡ ತೆಗೆದಿಟ್ಟಿದ್ದೇನೆ.”

ಮೈಸೂರು ಭಾವ: ಎರಡನ್ನೂ ನನಗೆ ಕಳಿಸು. ಇಲ್ಲಿ ಹಾಕಬೇಡ. ದೂರು ನಾನು ಬರೆದು ಕೊಡುತ್ತೇನೆ.

ಅತ್ತೆ: ಊಟ ಆಯ್ತಾ ಮಾರಾಯ್ರೆ?